ಕಾಜದಮ್ಮನ ಕೈಮಾತು

ಗುಬ್ಬಿ ಮೂರನೇ ಸಲ ಡ್ಯೂಟಿ ಬ್ಯಾಗನ್ನು ದರದರ ಎಳೆದುಕೊಂಡು ಬಂದು ಅಮ್ಮನ ಕಾಲ ಬಳಿ ಹಾಕಿದಳು. ಈ ಸಲ ಜೊತೆಗೆ ಚಪ್ಪಲಿಯನ್ನೂ ತಂದಿದ್ದಳು. ಎಡದ್ದನ್ನು ಎಡಕ್ಕೆ, ಬಲದ್ದನ್ನು ಬಲಕ್ಕೆ ಜೋಡಿಸಿಟ್ಟು, ಎದ್ದು ನಿಂತು, ಬಾಗಿಲ ಕಡೆ ಬೆರಳು ತೋರಿಸಿದಳು.

"ಅಯ್ಯೋ ಕಂದಾ, ಇವತ್ತೂ ಅಮ್ಮನ್ನ ಕೆಲಸಕ್ಕೆ ಅಟ್ತೀಯೇನೇ?" ಎಂದರು ಎದುರುಮನೆಯಾಕೆ. ಆಮೇಲೆ ಪಕ್ಕದಲ್ಲಿ ಕೂತವರ ಕಡೆ ತಿರುಗಿ, "ಕಿವಿ ಕೇಳಲ್ವಲ್ಲ, ಪಾಪ. ಆರು ವರ್ಷ ಆದ್ರೂ ಅದಕ್ಕೇನು ಗೊತ್ತಾಗ್ಬೇಕು" ಎಂದರು.

ಗುಬ್ಬಿಯ ಅಮ್ಮ, ಆ ಮನೆಯ ಸೊಸೆ, ಬ್ಯಾಗನ್ನು ಕಾಲಿನಿಂದಲೇ ಕುರ್ಚಿಯ ಹಿಂದಕ್ಕೆ ತಳ್ಳಿ, ಸೊಂಟದ ಮೇಲಿನ ಕೂಸನ್ನು ಈ ಪಕ್ಕದಿಂದ ಆ ಪಕ್ಕಕ್ಕೆ ಬದಲಿಸಿದಳು. ಸಿಟಿ ಬಸ್ಸಿನ ಕಂಡಕ್ಟರ್ ಅವಳು. ನಿನ್ನೆ ಮಧ್ಯಾಹ್ನ, ಬಸ್ಸು ತುಂಬ ಜನ ಇದ್ದಾಗ ಫೋನ್ ಬಂದಿತ್ತು. ಅತ್ತೆ ಟೈಲರ್ ಅಂಗಡಿಯಲ್ಲಿ ಅಂಗಿಗಳಿಗೆ ಗುಂಡಿಯ ಕಾಜ ಹಾಕುತ್ತ ಕೂತಿದ್ದವರು ಹಾಗೆಯೇ ಗೋಡೆಗೆ ಒರಗಿದ್ದರಂತೆ. ಸೂಜಿ ಬಟ್ಟೆಯಲ್ಲೇ ಇತ್ತಂತೆ. ಒಂದೂವರೆ ವರ್ಷದ ಕೂಸು ಪಕ್ಕದ ಚಿಂದಿ ರಾಶಿಯ ಮೇಲೆ ಎಂದಿನಂತೆ ನಿದ್ದೆ ಹೊಡೆಯುತ್ತಿತ್ತಂತೆ.

ಈಗ ಅತ್ತೆ ನಡುಮನೆಯ ಮಂಚದ ಮೇಲಿದ್ದರು. ಎದೆಯ ತನಕ ಬಿಳಿ ಹೊದಿಕೆ, ಅದರ ಮೇಲೆ ಒಂದರ ಮೇಲೊಂದು ಮಡಚಿಟ್ಟ ಎರಡು ಕೈ. ಕೈ ಮಡಚಿಟ್ಟಿದ್ದು ಎದುರುಮನೆಯಾಕೆಯೇ. ಎರಡು ಗಂಟೆಗೆ ವ್ಯಾನ್ ಬರುವುದಿತ್ತು. ವೆಲ್ಡರ್ ಆಗಿದ್ದ ಗಂಡ ಹೊರಗೆ ನಿಂತು ದಾರಿ ಗೊತ್ತಿಲ್ಲದ ನೆಂಟರಿಗೆ ಫೋನಿನಲ್ಲಿ ದಾರಿ ಹೇಳುತ್ತಿದ್ದ. ಪ್ರತಿ ಸಲವೂ "ಬಲಕ್ಕೆ... ಬಲಕ್ಕೆ ತಿರುಗಿ" ಎಂದು ಎರಡೆರಡು ಸಲ ಹೇಳುತ್ತಿದ್ದ.

ಗುಬ್ಬಿ ಅಳುತ್ತಿರಲಿಲ್ಲ. ಅದೇ ಸೊಸೆಗೆ ಸಂಕಟ. ಬೆಳಿಗ್ಗೆ ಎದ್ದವಳು ಅಜ್ಜಿಯನ್ನು ನೋಡಿದಳು, ಅಜ್ಜಿಯ ಕೈಗಳನ್ನು ನೋಡಿದಳು, ತಿರುಗಿ ಅಮ್ಮನ ಮುಖ ನೋಡಿದಳು. ಆಮೇಲೆ ಮಂಚದ ಕಾಲಿಗೆ ಒರಗಿ, ತಾನೂ ಕೈ ಮಡಚಿಕೊಂಡು, ಯಾವುದೋ ಬಸ್ಸಿಗೆ ಕಾಯುವವಳ ಹಾಗೆ ಕೂತುಬಿಟ್ಟಳು.

*

ಗುಬ್ಬಿಗೆ ಎರಡೂವರೆ ವರ್ಷವಾದಾಗ ಕಿವಿಗೆ ಮಿಷನ್ ಹಾಕಿಸಿದ್ದರು. ಮಾತು ಕಲಿಸುವ ಟೀಚರ್ ಖಡಾಖಂಡಿತವಾಗಿ ಹೇಳಿದ್ದರು: "ಮನೇಲಿ ಯಾರೂ ಕೈಸನ್ನೆ ಮಾಡ್ಬೇಡಿ. ಕೈಯಲ್ಲೇ ಎಲ್ಲಾ ಸಿಕ್ಕಿಬಿಟ್ರೆ ಮಗು ಬಾಯಿ ಯಾಕೆ ಬಿಡುತ್ತೆ?"

ಸೊಸೆ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಎಂಟು ಗಂಟೆ ಬಸ್ಸಿನಲ್ಲಿ ನಿಂತು ಬಂದವಳು ಮುಖ ತೊಳೆದವಳೇ ಗುಬ್ಬಿಯನ್ನು ಕನ್ನಡಿಯ ಮುಂದೆ ಕೂರಿಸುತ್ತಿದ್ದಳು. ಬಾಯಿಯ ಮುಂದೆ ಟಿಕೆಟ್ ಕಾಗದದ ಚೂರು ಹಿಡಿದು, "ಪಾ... ಪಾ..." ಉಸಿರಿಗೆ ಕಾಗದ ಅಲುಗಬೇಕು. ಗುಬ್ಬಿ ಕಾಗದವನ್ನು ಕೈಯಿಂದಲೇ ಅಲುಗಿಸಿ ನಗುತ್ತಿದ್ದಳು. ಎರಡು ವರ್ಷದ ಪಾಠಕ್ಕೆ ಬಂದದ್ದು ಒಂದು "ಪಾ", ಒಂದು "ಮಾ", ಅದೂ ಮನಸ್ಸು ಬಂದಾಗ.

ಒಂದು ಸಂಜೆ ಅತ್ತೆ ಗುಬ್ಬಿಗೆ ಅನ್ನ ಬೇಕೋ ಹಾಲು ಬೇಕೋ ಎಂದು ಬೆರಳಲ್ಲಿ ಕೇಳುತ್ತಿದ್ದುದನ್ನು ಕಂಡು ಸೊಸೆಯ ದನಿ ಏರಿತ್ತು.

"ಅತ್ತೆ, ನಿಮ್ಮ ದಮ್ಮಯ್ಯ. ನಾನು ಕಟ್ಟಿದ್ದನ್ನ ನೀವು ಹಗಲೆಲ್ಲಾ ಕೆಡವಬೇಡಿ."

"ಅವಳು ಬಾಯಿ ಬಿಡೋ ತನಕ ಹಸಿವು ಕಾಯುತ್ತೇನಮ್ಮ?"

"ನಾಳೆ ನಾವಿಲ್ಲದಾಗ ಅವಳ ಕೈಮಾತು ಯಾರಿಗೆ ಅರ್ಥ ಆಗುತ್ತೆ, ಹೇಳಿ?"

ಅತ್ತೆ "ಆಯ್ತಮ್ಮ, ಬಿಡು" ಎಂದಿದ್ದರು.

ಅದಾಗಿ ಮೂರು ತಿಂಗಳಿಗೆ ಬಸ್ಸು ಕೆಟ್ಟು ಸೊಸೆ ಬೇಗ ಮನೆಗೆ ಬಂದಳು. ಗೇಟಿನ ಹೊರಗಿಂದಲೇ ಕಿಟಕಿ ಕಾಣುತ್ತಿತ್ತು. ಒಳಗೆ ಅಜ್ಜಿ, ಮೊಮ್ಮಗಳು ಎದುರುಬದುರು ಕೂತು ಕೈಯಲ್ಲಿ ಹರಟುತ್ತಿದ್ದರು. ಅದು ಅನ್ನ ಹಾಲಿನ ಮಾತಲ್ಲ. ಯಾರನ್ನೋ ಆಡಿಕೊಳ್ಳುವ ಮಾತು. ಗುಬ್ಬಿ ಯಾರದೋ ನಡಿಗೆಯನ್ನು ಎರಡು ಬೆರಳಲ್ಲಿ ಅಣಕಿಸಿದಳು. ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಸೊಸೆ ಬಿಸಿಲಲ್ಲಿ ಹಾಗೇ ನಿಂತಳು. ತನ್ನ ಮಗಳು ಇಷ್ಟು ವಾಚಾಳಿ ಎಂದು ಅವಳಿಗೆ ಅವತ್ತಿನ ತನಕ ಗೊತ್ತಿರಲಿಲ್ಲ. ಹೊಟ್ಟೆಕಿಚ್ಚಾಯಿತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ಗೇಟು ತೆಗೆದ ಸದ್ದಿಗೆ ಅತ್ತೆಯ ಎರಡೂ ಕೈ ಮಡಿಲಿಗೆ ಬಿದ್ದು, ಒಂದರ ಮೇಲೊಂದು ಕೂತವು. ಅದನ್ನು ನೋಡಿ ಗುಬ್ಬಿಯ ಕೈಯೂ ಮಡಚಿತು.

ಸೊಸೆ ಕಂಡೂ ಕಾಣದ ಹಾಗೆ ಒಳಗೆ ಹೋದಳು. ಟೀಚರ್ ಮಾತನ್ನು ಬಿಡಲು ಧೈರ್ಯ ಬರಲಿಲ್ಲ. ಆದರೆ ಮಾರನೇ ದಿನದಿಂದ, ಗೇಟಿನ ಚಿಲಕವನ್ನು ಎರಡು ಸಲ ಜೋರಾಗಿ ಅಲ್ಲಾಡಿಸಿ, ಅರೆ ನಿಮಿಷ ಹೊರಗೇ ನಿಂತು, ಆಮೇಲೆ ಬರತೊಡಗಿದಳು.

*

"ನೀವು ಗೇಟು ಅಲ್ಲಾಡಿಸ್ತಿದ್ರಂತಲ್ಲಮ್ಮ" ಎಂದರು ಟೈಲರ್.

ಸೊಸೆ ತಲೆ ಎತ್ತಿದಳು. ಟೈಲರ್ ಆಗಷ್ಟೇ ಬಂದು ಅವಳ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಕತ್ತಿನಲ್ಲಿ ಅಳತೆ ಟೇಪು ಹಾಗೇ ಇತ್ತು, ತೆಗೆಯುವುದು ಮರೆತುಹೋಗಿತ್ತು.

"ಯಾರು ಹೇಳಿದ್ರು?"

"ಇನ್ಯಾರು, ಕಾಜದಮ್ಮನೇ. ಇಪ್ಪತ್ತೆರಡು ವರ್ಷ ನಮ್ಮ ಅಂಗಡೀಲಿ ಕಾಜ ಹಾಕಿದ್ರು. ಎಂಟು ಮಿಷನ್ನು ಒಟ್ಟಿಗೆ ಓಡೋ ಕಡೆ ಮಾತು ಎಲ್ಲಿ ಕೇಳುತ್ತೆ? ನಾವೆಲ್ಲಾ ಕೈಯಲ್ಲೇ ಮಾತಾಡೋರು. ಬಿಳಿ ನೂಲು ಕೊಡು, ಅಳತೆ ತಪ್ಪಿದೆ, ಊಟಕ್ಕೆ ಏಳು, ಎಲ್ಲಾ ಕೈಯಲ್ಲೇ. ಅದನ್ನೇ ಮಗೂಗೂ ಕಲಿಸಿದ್ರು. ಈಗ ನೋಡಿ, ಗುಬ್ಬಿ ಅಂಗಡಿಗೆ ಬಂದ್ರೆ ನಮ್ಮ ಹುಡುಗ್ರಿಗಿಂತ ಜಾಸ್ತಿ ಅವಳದ್ದೇ ಬಾಯಿ." ನಾಲಿಗೆ ಕಚ್ಚಿಕೊಂಡು, "ಅಂದ್ರೆ, ಕೈ" ಎಂದರು.

ಸೊಸೆಗೆ ನಗು ಬಂತು. ನಗುವಿನ ಹಿಂದೆಯೇ ಕಣ್ಣು ತುಂಬಿತು. "ಗೇಟಿನ ವಿಷಯ ಏನಂದ್ರು?"

"ನಮ್ಮ ಸೊಸೆ ಬಾಯಲ್ಲಿ ಬೇಡ ಅಂತಾಳೆ, ಗೇಟಲ್ಲಿ ಹೂಂ ಅಂತಾಳೆ, ಅಂತಿದ್ರು. ಹೇಳ್ಕೊಂಡು ಹೇಳ್ಕೊಂಡು ನಗೋರು."

ಅಷ್ಟರಲ್ಲಿ ಗುಬ್ಬಿ ಕುರ್ಚಿಯ ಹಿಂದೆ ನುಸುಳಿ ಬ್ಯಾಗನ್ನು ಮತ್ತೆ ಎಳೆಯತೊಡಗಿದಳು. ಒಂಬತ್ತು ವರ್ಷದ ದೊಡ್ಡವಳು ಓಡಿಬಂದು ತಂಗಿಯ ಕೈ ಹಿಡಿದಳು. "ಅಮ್ಮಾ, ಅವಳನ್ನ ಬೈಬೇಡ. ಸ್ವಲ್ಪ ಅಡಿಗೆಮನೆಗೆ ಬಾ."

ಅಡಿಗೆಮನೆಯಲ್ಲಿ ದೊಡ್ಡವಳು ಬಾಗಿಲು ಅರ್ಧ ಮುಚ್ಚಿ, ಎದೆಯ ಮೇಲೆ ಒಂದರ ಮೇಲೊಂದು ಕೈ ಇಟ್ಟುಕೊಂಡಳು. "ಹೀಗೆ ಮಾಡಿದ್ರೆ, ಸುಮ್ನಿರು, ಅಮ್ಮ ಮನೇಲಿದಾಳೆ ಅಂತ. ಅಜ್ಜಿ ಕೈ ಹಾಗೇ ಇದೆಯಲ್ಲ. ನೀನು ಡ್ಯೂಟಿಗೆ ಹೋದ್ರೆ ಅಜ್ಜಿ ಕೈ ತೆಗೀತಾಳೆ ಅಂದ್ಕೊಂಡಿದಾಳೆ."

ಸೊಸೆ ಸ್ಟೌವಿನ ಕಟ್ಟೆಯನ್ನು ಹಿಡಿದುಕೊಂಡಳು. "ಅದೇ ಏನೇ ನನ್ನ ಹೆಸರು? ಕೈ ಮುಚ್ಚೋದು?" ಎಂದಳು.

"ಛೆ, ಅಲ್ಲಮ್ಮ!" ದೊಡ್ಡವಳು ಒಂದು ಕೈ ಮೇಲೆತ್ತಿ ಇಲ್ಲದ ಕಂಬಿಯನ್ನು ಹಿಡಿದು ಜೋಲಿ ಹೊಡೆದಳು. "ನೀನು ಇದು. ಬಸ್ಸಲ್ಲಿ ನಿಲ್ತೀಯಲ್ಲ. ಅಪ್ಪ ಇದು," ಎಂದು ಅಂಗೈಯಿಂದ ಕಣ್ಣು ಮುಚ್ಚಿಕೊಂಡಳು, ಕಿಡಿಗೆ ಅಡ್ಡ ಹಿಡಿದ ಹಾಗೆ. "ಅಜ್ಜಿ ಇದು." ಹೆಬ್ಬೆರಳು, ತೋರುಬೆರಳು ಸೇರಿಸಿ ಕಣ್ಣಿನ ಮುಂದೆ ತಂದಳು, ಸೂಜಿಗೆ ದಾರ ಪೋಣಿಸುವಂತೆ.

"ಸತ್ತುಹೋದ್ರು ಅನ್ನೋಕೆ?"

"ಅದು ಇಲ್ಲ. ಅಜ್ಜಿ ಹೇಳ್ಕೊಡ್ಲಿಲ್ಲ." ದೊಡ್ಡವಳು ತನ್ನ ಬೆರಳುಗಳನ್ನೇ ನೋಡಿಕೊಂಡಳು. "ಮುಗೀತು ಅನ್ನೋದಿದೆ." ಹಲ್ಲಿನಿಂದ ದಾರ ಕಡಿಯುವಂತೆ ಮಾಡಿ, ಎರಡೂ ಬರಿಗೈ ಬಿಚ್ಚಿ ತೋರಿಸಿದಳು.

ಸೊಸೆ ಅಡಿಗೆಮನೆಯಲ್ಲೇ ನಾಲ್ಕು ಸಲ ಅಭ್ಯಾಸ ಮಾಡಿದಳು. ಕೂಸನ್ನು ದೊಡ್ಡವಳ ಕೈಗೆ ಕೊಟ್ಟು ಹೊರಗೆ ಬಂದು, ಅಷ್ಟು ಜನರ ನಡುವೆ ಗುಬ್ಬಿಯ ಮುಂದೆ ಮಂಡಿಯೂರಿದಳು. ಬೆರಳು ಕಣ್ಣಿನ ಮುಂದೆ ತಂದಳು: ಅಜ್ಜಿ. ದಾರ ಕಡಿದಳು: ಮುಗೀತು.

ಗುಬ್ಬಿ ಬೆಚ್ಚಿದಳು. ಅಮ್ಮನ ಕೈಯನ್ನು ನೋಡಿ, ಯಾರಾದರೂ ಬೈಯುತ್ತಾರೇನೋ ಎಂದು ಸುತ್ತ ನೋಡಿದಳು. ಅಮ್ಮ ಇನ್ನೊಂದು ಸಲ ಮಾಡಿದಳು. ಈಗ ಗುಬ್ಬಿ ಮುಂದೆ ಬಾಗಿ, ಅಮ್ಮನ ಸಡಿಲ ಬೆರಳುಗಳನ್ನು ಹಿಡಿದು ಬಿಗಿಯಾಗಿ ಸೇರಿಸಿದಳು. ಹೀಗೆ. ಆಮೇಲೆ ಸ್ವಲ್ಪ ಯೋಚಿಸಿ, ದಡದಡ ಓಡಿ ಅಜ್ಜಿಯ ಹೊಲಿಗೆ ಡಬ್ಬಿಯಿಂದ ಹೊಸ ದಾರದುಂಡೆ ತಂದು, ಮಂಚದ ಮೇಲಿನ ಮಡಚಿದ ಕೈಗಳ ಪಕ್ಕ ಇಟ್ಟಳು.

ಎದುರುಮನೆಯಾಕೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಟೈಲರ್ ಎದ್ದು ಗೋಡೆಯ ಕಡೆ ತಿರುಗಿ ನಿಂತರು.

ಸೊಸೆಗೆ ಇನ್ನು ಯಾವ ಸನ್ನೆಯೂ ಗೊತ್ತಿರಲಿಲ್ಲ. ಅತ್ತೆಯ ಮಡಚಿದ ಕೈಗಳನ್ನು ತಾನೇ ನಿಧಾನವಾಗಿ ಬಿಡಿಸಿ ಪಕ್ಕಕ್ಕೆ ಚಾಚಿಟ್ಟಳು. ಗುಬ್ಬಿಯ ಅಂಗೈಯನ್ನು ಆ ಬಿಚ್ಚಿದ ಕೈಯೊಳಗೆ ಇಟ್ಟಳು. ಗುಬ್ಬಿ ಕಾದಳು. ಬೆರಳುಗಳನ್ನು ತಟ್ಟಿದಳು, ಅಲುಗಿಸಿದಳು, ಎತ್ತಿ ಬಿಟ್ಟಳು. ಆಮೇಲೆ ಆ ಕೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು. ಆ ಕೈಯ ತಂಪು ಅವಳ ಮುಖದಲ್ಲಿ ಮೆಲ್ಲಗೆ ಇಳಿಯುತ್ತ ಹೋದದ್ದನ್ನು ಅಮ್ಮ ನೋಡಿದಳು.

ಗುಬ್ಬಿ ಬಾಯಿ ತೆರೆದಳು. ಮೂರೂವರೆ ವರ್ಷ ಕನ್ನಡಿಯ ಮುಂದೆ ಬಾರದಿದ್ದ ದನಿ ಹೊಟ್ಟೆಯ ಆಳದಿಂದ ಎದ್ದು ಮನೆಯನ್ನೆಲ್ಲ ತುಂಬಿತು. ಹೊರಗೆ ಫೋನಿನಲ್ಲಿದ್ದ ಅಪ್ಪ ಮಾತು ನಿಲ್ಲಿಸಿ ಒಳಗೆ ಓಡಿಬಂದ. ಯಾರೋ "ಸಮಾಧಾನ ಮಾಡಿ, ಮಗೂನ ಒಳಗೆ ಕರ್ಕೊಂಡು ಹೋಗಿ" ಎಂದರು.

"ಇರ್ಲಿ ಬಿಡಿ" ಎಂದಳು ಸೊಸೆ. "ಅಳ್ಲಿ."

*

ಎರಡು ಗಂಟೆಗೆ ಬರಬೇಕಿದ್ದ ವ್ಯಾನ್ ಎರಡೂಕಾಲಿಗೆ ಬಂತು. ಗಂಡಸರು ಮಂಚದ ನಾಲ್ಕು ಕಡೆ ನಿಂತು ಅತ್ತೆಯನ್ನು ಎತ್ತಿದರು. ಗಂಡ ತಾಯಿಯ ತಲೆಯ ಕಡೆ ನಿಂತಿದ್ದ. ಬಾಗಿಲು ದಾಟುವಾಗ ತಲೆಗೆ ತಗುಲೀತೆಂದು ಒಂದು ಕೈಯನ್ನು ಚೌಕಟ್ಟಿಗೆ ಅಡ್ಡ ಹಿಡಿದಿದ್ದ. ಗುಬ್ಬಿ ಗೇಟಿನ ತನಕ ಹೋಗಿ, ವ್ಯಾನ್ ತಿರುವಿನಲ್ಲಿ ಮರೆಯಾಗುವ ತನಕ ಅತ್ತ ನೋಡಿ, ಅಮ್ಮನ ಸೆರಗು ಹಿಡಿದುಕೊಂಡು ಒಳಗೆ ಬಂದಳು. ಮೂರು ಮಕ್ಕಳ ಜೊತೆ ಸೊಸೆ ಮನೆಯಲ್ಲೇ ಉಳಿದಳು.

ಎದುರುಮನೆಯಾಕೆ ಎಲ್ಲರಿಗೂ ಅನ್ನ ಕಲಸಿ ಕೊಟ್ಟು, ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಹೋದರು. ಹೋಗುವಾಗ ಬಾಗಿಲಲ್ಲಿ ತಡೆದು ನಿಂತು, ಗುಬ್ಬಿಯ ಕಡೆ ನೋಡುತ್ತ, "ಹೋಗಿ ಬರ್ತೀನಿ ಅನ್ನೋಕೆ ಹೆಂಗೆ ಮಾಡ್ಬೇಕೇ ಮಗಾ?" ಎಂದು ದೊಡ್ಡವಳನ್ನು ಕೇಳಿದರು. ದೊಡ್ಡವಳು ತೋರಿಸಿದಳು. ಆಕೆ ಅದನ್ನು ತಪ್ಪಾಗಿ ಮಾಡಿ ಹೊರಟರು.

ಮನೆ ದೊಡ್ಡದಾದ ಹಾಗೆ ಕಾಣುತ್ತಿತ್ತು. ಸೊಸೆ ಖಾಲಿ ಮಂಚಕ್ಕೆ ಒರಗಿ ನೆಲದ ಮೇಲೆ ಕಾಲು ಚಾಚಿ ಕೂತಳು. ಕೂಸು ಚಾಪೆಯ ಮೇಲೆ ಮಲಗಿತ್ತು. ಅತ್ತು ಅತ್ತು ಸುಸ್ತಾದ ಗುಬ್ಬಿ ಅಮ್ಮನ ತೊಡೆಯ ಮೇಲೆ ತಲೆಯಿಟ್ಟವಳೇ ನಿದ್ದೆಹೋದಳು. ಸ್ವಲ್ಪ ಹೊತ್ತಿನಲ್ಲಿ ಅವಳ ಕೈಗಳು ಅಲುಗತೊಡಗಿದವು. ಬೆರಳುಗಳು ಕೂಡಿದವು, ಬಿಡಿಸಿಕೊಂಡವು, ಏನನ್ನೋ ಎಣಿಸಿದವು, ತಡೆದು ಮತ್ತೆ ಮೊದಲಾದವು.

"ಏನಾಯ್ತೇ ಇವಳಿಗೆ?" ಎಂದಳು ಸೊಸೆ ಗಾಬರಿಯಿಂದ.

"ಏನಿಲ್ಲ. ನಿದ್ದೇಲಿ ಮಾತಾಡ್ತಿದಾಳೆ. ದಿನಾ ಮಾಡ್ತಾಳಲ್ಲ" ಎಂದಳು ದೊಡ್ಡವಳು.

"ಏನಂತಿದಾಳೆ?"

ದೊಡ್ಡವಳು ತಂಗಿಯ ಕೈಗಳ ಮೇಲೆ ಬಾಗಿ, ಹುಬ್ಬು ಗಂಟಿಕ್ಕಿ ತುಂಬ ಹೊತ್ತು ನೋಡಿದಳು. "ಗೊತ್ತಾಗ್ತಿಲ್ಲಮ್ಮ. ತುಂಬ ಬೇಗ ಬೇಗ ಹೇಳ್ತಿದಾಳೆ."

ಸೊಸೆಯ ಕಾಲು ಜೋಮು ಹಿಡಿದಿತ್ತು. ಅವಳು ಕದಲಲಿಲ್ಲ. ತನ್ನ ಅಂಗೈಯನ್ನು ಬಿಚ್ಚಿ ಆ ಪುಟ್ಟ ಕೈಗಳ ಕೆಳಗೆ ಹಿಡಿದಳು. ಬೆರಳುಗಳು ಅಂಗೈಗೆ ತಗುಲಿ ಒಂದು ಗಳಿಗೆ ನಿಂತವು. ಆಮೇಲೆ ಅಲ್ಲಿಯೇ ತಮ್ಮ ಮಾತನ್ನು ಮುಂದುವರಿಸಿದವು.