ಯಾರೂ ಬಿಡಿಸದ ಪುಟಗಳು

ಬೇಸಿಗೆ ಮುಗಿಯುತ್ತ ಬಂದಿತ್ತು. ಮಧ್ಯಾಹ್ನ ಮೂರರ ಹೊತ್ತಿಗೆ, ಹಚ್ಚಿದ ಗೋಂದು ಹಚ್ಚಿದಲ್ಲೇ ಒಣಗುವ ಬಿಸಿಲಿನಲ್ಲಿ, ಅಳಿಯ ನನ್ನ ಬೈಂಡಿಂಗ್ ಅಂಗಡಿಗೆ ಎರಡು ಫಾರಂ ಹಿಡಿದು ಬಂದ. ಮಗಳು ಪುಸ್ತಕಕ್ಕೆ ಹೊಲಿಗೆ ಹಾಕುತ್ತಿದ್ದಳು. ಮೊಮ್ಮಗಳು ರಟ್ಟು ಕತ್ತರಿಸುತ್ತಿದ್ದಳು. ಅವಳಿಗೆ ಎರಡು ವಿಶ್ವವಿದ್ಯಾಲಯಗಳಲ್ಲಿ, ಒಂದು ದೊಡ್ಡದು, ಒಂದು ಚಿಕ್ಕದು, ಸೀಟು ಸಿಕ್ಕಿತ್ತು. ಒಂದಕ್ಕೆ ಒಪ್ಪಿಗೆ ಕಳಿಸಲು ಮರುದಿನವೇ ಕಡೆಯ ದಿನ.

"ದೊಡ್ಡದಕ್ಕೇ. ಸಹಿ ಹಾಕಿ ತಂದಿದೀನಿ," ಎಂದ.

"ಅಪ್ಪ, ನಾನು ಗಿಡಗಳ ಬಗ್ಗೆ ಓದ್ಬೇಕು. ಅದನ್ನ ಚಿಕ್ಕದ್ರಲ್ಲೇ ಚೆನ್ನಾಗಿ ಹೇಳ್ಕೊಡ್ತಾರಂತೆ."

"ಅದೂ ಒಂದು ಯೂನಿವರ್ಸಿಟಿನಾ? ಕಾಂಪೌಂಡೇ ಇಲ್ಲ! ದೊಡ್ಡದರ ಗೇಟು ನೋಡಿದೀರಾ ಮಾವ? ಎರಡು ಲಾರಿ ಒಟ್ಟಿಗೆ ಹೋಗ್ತವೆ."

ಹೋಗುವವಳು ಲಾರಿಯಲ್ಲವಲ್ಲ ಎಂದು ನಾಲಿಗೆ ತುದಿಗೆ ಬಂತು, ನುಂಗಿಕೊಂಡೆ. ಸಂಬಂಧ ಕೇಳಲು ಬಂದ ದಿನವೂ ಈ ಮಹಾನುಭಾವ ನಮ್ಮ ಬಾಗಿಲಿನ ಮರವನ್ನು ತಟ್ಟಿ ನೋಡಿದ್ದ.

ನಾನು ಓದಿದ್ದು ಮೂರನೇ ಕ್ಲಾಸು. ಆದರೆ ಆ ಎರಡೂ ಕಡೆಯ ಪುಸ್ತಕಗಳು ನಲವತ್ತು ವರ್ಷದಿಂದ ನನ್ನ ಕೈಗೇ ಬರುತ್ತಿವೆ. ಆ ವಾರವೂ ಎರಡೂ ಕಡೆಯ ಒಂದೊಂದು ಕಟ್ಟು ನೆಲದ ಮೇಲಿದ್ದವು.

"ಬಿಚ್ಚು ಮಗು," ಎಂದೆ.

ಚಿಕ್ಕದರ ಪುಸ್ತಕಗಳ ಬೆನ್ನು ಮುರಿದಿತ್ತು, ಮೂಲೆಗಳು ಬೆರಳು ತಾಗಿ ತಾಗಿ ಕಪ್ಪಾಗಿದ್ದವು. ಬೇರುಗಳ ಪುಸ್ತಕವೊಂದರ ಅಂಚಿನಲ್ಲಿ ಯಾರೋ ಪೆನ್ಸಿಲಿನಲ್ಲಿ ಬರೆದಿದ್ದರು: 'ಇದು ತಪ್ಪು.' ಕೆಳಗೆ ಬೇರೆ ಕೈಬರಹ: 'ನೀನು ಅಗೆದದ್ದೇ ಅರ್ಧ. ಪೂರ್ತಿ ಅಗೆದು ನೋಡು.' ಮೊಮ್ಮಗಳು ನಗುತ್ತ ಅಲ್ಲೇ ಕೂತು ಓದತೊಡಗಿದಳು.

ಅಳಿಯ ದೊಡ್ಡದರ ಪುಸ್ತಕವೊಂದನ್ನು ಎತ್ತಿ ಹಿಡಿದ. "ಒಂದು ಕಲೆ ಇದೆಯಾ ನೋಡಿ! ಶಿಸ್ತು ಅಂದ್ರೆ ಇದಪ್ಪಾ!"

"ಒಳಗೆ ಬಿಡಿಸಿ ನೋಡಪ್ಪ."

ಬಿಡಿಸಲಾಗಲಿಲ್ಲ. ಅಚ್ಚಿನ ಮನೆಯಲ್ಲಿ ಮಡಿಚಿದ ಹಾಳೆಗಳ ಅಂಚು ಯಾರೂ ಸೀಳದೆ ಹಾಗೇ ಕೂಡಿಕೊಂಡಿತ್ತು.

"ಮತ್ತೆ ರಿಪೇರಿಗೆ ಯಾಕೆ ಬಂತು?"

"ರಿಪೇರಿಗಲ್ಲ. ತಪಾಸಣೆಯವರು ಬರ್ತಾರಂತೆ, ಬೆನ್ನಿಗೆ ಬಂಗಾರದ ಅಕ್ಷರ ಹೊಡೀಬೇಕು. ಒಳಗೆ ಮುಟ್ಬೇಡಿ ಅಂದಿದಾರೆ. ಅವರೂ ಮುಟ್ಟಿಲ್ಲ, ಪಾಪ."

ಮಗಳು ಬಾಯಲ್ಲಿ ದಾರ ಕಚ್ಚಿಕೊಂಡೇ ನಕ್ಕಳು.

"ನಗು, ನಗು! ಆಫೀಸಲ್ಲಿ ಎಲ್ಲರಿಗೂ ಹೇಳ್ಬಿಟ್ಟಿದೀನಿ. ಚಿಕ್ಕದರ ಫಾರಂಗೆ ನಾನು ಸಹಿ ಹಾಕಲ್ಲ."

ಹೂರಣ ಹೊರಬಿತ್ತು. ಆಫೀಸಿನ ನಾಲ್ಕು ಜನರ ಬಾಯಿಗಾಗಿ ಹೆತ್ತ ಮಗಳ ನಾಲ್ಕು ವರ್ಷ.

ಮೊಮ್ಮಗಳು ಚಿಕ್ಕದರ ಫಾರಂ ತಿರುಗಿಸಿದಳು. "ಅಪ್ಪ, ಇದನ್ನ ಓದಿದ್ರಾ? 'ತಂದೆ ಅಥವಾ ತಾಯಿಯ ಸಹಿ' ಅಂತಿದೆ."

ಓದಿರಲಿಲ್ಲ. ಓದದೆಯೇ ಸಹಿ ಹಾಕುವವನಿಗೆ ಆ ಗೇಟೇ ತಕ್ಕದ್ದು.

ಮಗಳು ಸೂಜಿ ಕೆಳಗಿಟ್ಟು, ಗೋಂದಿನ ಕೈ ಒರೆಸಿಕೊಂಡು, ಚಿಕ್ಕದರ ಫಾರಂ ಎಳೆದುಕೊಂಡು ಸಹಿ ಹಾಕಿದಳು. ಮೂಲೆಯಲ್ಲಿ ಹೆಬ್ಬೆರಳಿನ ಗುರುತು ಅಂಟಿತು. ಇರಲಿ, ಆ ಕಡೆಯವರಿಗೆ ಕಲೆ ಹೊಸದಲ್ಲ.

ತಿಂಗಳ ನಂತರ ಒಂದು ಭಾನುವಾರ ಅಳಿಯ ಸೊಂಟನೋವಿನ ನೆಪ ಹೇಳಿ ತನ್ನ ತಂಗಿಯ ಮನೆಗೆ ಹೋದ. ಬೆನ್ನು ಗಟ್ಟಿಮಾಡಿದ ಚಿಕ್ಕದರ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು, ಮಾರನೇ ದಿನ, ಸೋಮವಾರ ಬೆಳಿಗ್ಗೆಯ ಬಸ್ಸಿನಲ್ಲಿ ಮೊಮ್ಮಗಳು ಹೊರಟಳು.