ಬಾವಲಿ ಬಂದ ದಾರಿ

ರಜೆಯ ದಿನ ಮಧ್ಯಾಹ್ನ ಮಲಗಿ ಎದ್ದಾಗ, ಕುರ್ಚಿಯ ಬೆನ್ನಿಗೆ ಹಾಕಿದ್ದ ಬೂದು ಶಾಲಿನಲ್ಲಿ ಅವಳಿಗೆ ಒಂದು ತೂತು ಕಂಡಿತು. ಅವಳದು ರಫು ಕೆಲಸ. ಇಲಿ ಕಡಿದ, ಕಿಡಿ ಬಿದ್ದು ಸುಟ್ಟ ಬಟ್ಟೆಗಳಿಗೆ ಎಳೆಗೆ ಎಳೆ ಸೇರಿಸಿ, ಏನೂ ಆಗಿಯೇ ಇಲ್ಲ ಎನ್ನುವ ಹಾಗೆ ಮಾಡಿಕೊಡುತ್ತಿದ್ದಳು. ಈ ಶಾಲಿಗೆ ಇಷ್ಟು ದೊಡ್ಡ ತೂತು ಬಿದ್ದಿದ್ದು ಯಾವಾಗ ಎಂದುಕೊಳ್ಳುತ್ತ ಅರೆನಿದ್ದೆಯಲ್ಲೇ ಕೈ ಚಾಚಿ, ರೂಢಿಯಂತೆ ಅದರ ಅಂಚಿನ ಸುತ್ತ ಬೆರಳಾಡಿಸಿದಳು. ತೂತು ಬೆಚ್ಚಗಿತ್ತು. ಆಮೇಲೆ ಅದು ಉಸಿರಾಡಿತು.

ಪುಟ್ಟ ಬಾವಲಿ. ಸದ್ದಿಲ್ಲದೆ ಕೋಣೆಯೊಳಗೆ ಸುತ್ತು ಹೊಡೆದು, ಅವಳು ಬಾಗಿಲು ತೆರೆದದ್ದೇ ತಡ ಹೊರಟುಹೋಯಿತು. ಅವಳ ಬೆರಳುಗಳ ತುಂಬ ಸೂಜಿ ಚುಚ್ಚಿದ ಚುಕ್ಕೆಗಳು. ಅವುಗಳಲ್ಲಿ ಹಲ್ಲು ತಾಗಿದ್ದು ಯಾವುದೆಂದು ಅವಳಿಗೂ ತಿಳಿಯಲಿಲ್ಲ, ಡಾಕ್ಟರಿಗೂ ತಿಳಿಯಲಿಲ್ಲ. ಬಾವಲಿಯ ಹಲ್ಲು ಅಷ್ಟು ಸಣ್ಣದು, ಮಲಗಿದವರಿಗೆ ಕಚ್ಚಿದ್ದು ಗೊತ್ತೇ ಆಗುವುದಿಲ್ಲ, ರೇಬಿಸ್ ಒಮ್ಮೆ ತಲೆ ಎತ್ತಿದರೆ ಉಳಿಸಿಕೊಳ್ಳುವ ದಾರಿಯಿಲ್ಲ ಎಂದರು ಡಾಕ್ಟರು. ಇಂಜೆಕ್ಷನ್ ಒಂದನ್ನೂ ತಪ್ಪಿಸಬಾರದು. ಮೊದಲ ದಿನಕ್ಕೇ ಅವಳು ಕೂಡಿಟ್ಟದ್ದೆಲ್ಲ ಬರಿದಾಯಿತು.

ಉಳಿದದ್ದಕ್ಕೆ ಅಣ್ಣನನ್ನು ಕೇಳಬಹುದಿತ್ತು. ಕೇಳಿದರೆ ಕೊಡುತ್ತಿದ್ದ ಕೂಡ. ಆದರೆ ಅವಳು ಮನೆ ಬಿಟ್ಟು ಬರುವಾಗಲೇ ಅವನು ಹೇಳಿದ್ದ, ಕೈ ಒಡ್ಡುವ ದಿನ ಬಂದರೆ ಗಂಟುಮೂಟೆಯ ಸಮೇತ ಬಾ ಎಂದು. ಆ ಮನೆಯಲ್ಲಿ ಅವಳು ಮಲಗುತ್ತಿದ್ದದ್ದು ಅಡುಗೆಮನೆಯ ಪಕ್ಕದ ನಡುಮನೆಯಲ್ಲಿ, ಎಲ್ಲರೂ ದಾಟಿ ಓಡಾಡುವ ಜಾಗದಲ್ಲಿ. ಇಲ್ಲಿ ಕೋಣೆ ಅಂಗೈ ಅಗಲವಾದರೂ ಬಾಗಿಲಿನ ಚಿಲಕ ಒಳಗಿತ್ತು. ನಲವತ್ತು ದಾಟಿದ ಮೇಲೆ ಸಿಕ್ಕ ಚಿಲಕ ಅದು.

ಹಾಗಾಗಿ ಮನೆಯೊಡತಿಯ ಬಳಿ ಹೋದಳು. ಒಡತಿ ಎಷ್ಟೋ ಕಾಲ ಟೆಲಿಫೋನ್ ಆಪರೇಟರ್ ಆಗಿದ್ದವರು, ಬೀದಿಗೆಲ್ಲ ಟೆಲಿಫೋನಮ್ಮ. ಬಾಗಿಲು ತಟ್ಟಿದರೂ ಒಳಗಿನಿಂದ ಹಲೋ ಎನ್ನುತ್ತಿದ್ದರು. ಮನೆಯ ಲೋಪವಾದರೆ ಖರ್ಚು ನನ್ನದು, ಬಾಡಿಗೆಯವಳ ಅಜಾಗರೂಕತೆಯಾದರೆ ಅವಳದು ಎಂದರು. ನ್ಯಾಯವಾದ ಮಾತೇ.

"ನನ್ನ ಮನೇಲಿ ಬಾವಲಿ ಇಲ್ಲ. ನಿನ್ನ ಕಿಟಕಿಯಿಂದ ಬಂದಿದೆ."

"ಆ ಕಿಟಕಿ ಪೇಂಟಿಗೆ ಅಂಟಿಕೊಂಡು ಎಷ್ಟು ಕಾಲ ಆಯ್ತೋ ಅಮ್ಮಾ. ನೂಕಿದ್ರೂ ಬರಲ್ಲ."

"ಹಾಗಾದ್ರೆ ಬಾಗಿಲಿಂದ ಬಂತು."

"ಚಿಲಕ ಹಾಕಿದ್ದೆ. ಅದೇನು ಕದ ತಟ್ಟಿ ಬಂತಾ?"

ಟೆಲಿಫೋನಮ್ಮ ನಗಲಿಲ್ಲ. ಮನೆಯ ಬೇರೆ ಯಾವ ಕೊರತೆ ಹೇಳಿದರೂ ತಕ್ಷಣ ಕೆಲಸದವರನ್ನು ಕರೆಸುತ್ತಿದ್ದ ಹೆಂಗಸು, ಇದೊಂದಕ್ಕೆ ಯಾಕೆ ಹೀಗೆ ಹಟ ಹಿಡಿದಿದ್ದಾರೆ ಎಂದು ಅವಳಿಗೆ ಬಗೆಹರಿಯಲಿಲ್ಲ. ಜಿಪುಣತನ ಎನ್ನಲು ಮನಸ್ಸು ಒಪ್ಪಲಿಲ್ಲ.

ತೂತು ಹುಡುಕುವುದು ಅವಳಿಗೆ ಹೊಸದಲ್ಲ, ಬಟ್ಟೆಯನ್ನು ಬೆಳಕಿಗೆ ಹಿಡಿದರಾಯಿತು. ಮನೆಯನ್ನು ಹಿಡಿಯಲಾಗುವುದಿಲ್ಲವಾದ್ದರಿಂದ, ಮಾರನೆಯ ಸಂಜೆ ಹಿತ್ತಲಿನಲ್ಲಿ ಸ್ಟೂಲ್ ಹಾಕಿಕೊಂಡು ಕುಳಿತಳು. ನೋಡೇಬಿಡೋಣ ಎಂದು ಟೆಲಿಫೋನಮ್ಮನೂ ಕುರ್ಚಿ ತಂದು ಪಕ್ಕದಲ್ಲಿ ಕುಳಿತರು. ಆಕಾಶ ತೊಳೆದಿಟ್ಟ ಬಟ್ಟಲಿನಂತಿತ್ತು. ಗೋಡೆಗಳ ಬಣ್ಣ ನಿಧಾನವಾಗಿ ಇಳಿಯುತ್ತ, ಮನೆಯೇ ತುಸು ನೆಲ ಬಿಟ್ಟು ತೇಲುತ್ತಿರುವಂತೆ ಕಂಡಿತು.

ಆಗ ಸೂರಿನ ಹಲಗೆಯ ಬಿರುಕಿನಿಂದ ಒಂದು ಕಪ್ಪು ಹನಿ ಜಾರಿತು. ಬೀಳುತ್ತಿದ್ದದ್ದು ಬೀಳದೆ ಹಾರಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಮನೆ ಯಾವುದೋ ಹಳೆಯ ಮಾತನ್ನು ಅಕ್ಷರ ಅಕ್ಷರವಾಗಿ ಹೊರಗೆ ಬಿಡುತ್ತಿದೆಯೇನೋ ಎನ್ನುವ ಹಾಗೆ. ಬಿರುಕು ಇದ್ದದ್ದು ಟೆಲಿಫೋನಮ್ಮ ಮಲಗುವ ಕೋಣೆಯ ನೆತ್ತಿಯ ಮೇಲೆ. ಎರಡೂ ಕೋಣೆಗಳಿಗೆ ಒಂದೇ ಅಟ್ಟ.

ಗೆದ್ದೆ ಎಂದು ಅವಳಿಗೆ ಅನಿಸಬೇಕಿತ್ತು. ಪಕ್ಕಕ್ಕೆ ತಿರುಗಿದರೆ ಟೆಲಿಫೋನಮ್ಮನ ಮುಖ ಆ ಬೆಳಕಿನಲ್ಲಿ ಚಿಕ್ಕ ಹುಡುಗಿಯದಂತಿತ್ತು.

"ಇಂಜೆಕ್ಷನ್ ದುಡ್ಡು ಪೂರ್ತಿ ಕೊಡ್ತೀನಿ," ಎಂದರು ಮೆಲ್ಲಗೆ. "ಮೊದಲನೇದೂ ಸೇರಿಸಿ. ಆದ್ರೆ ಅದು ನಿನ್ನ ಬಾಗಿಲಿಂದ ಬಂತು ಅಂತ ಹೇಳು."

"ಯಾರಿಗೆ ಹೇಳಲಿ ಅಮ್ಮಾ?"

"ನನಗೆ."

ಆಮೇಲೆ ತಡೆದು ತಡೆದು ಹೇಳಿಕೊಂಡರು. ಅವರೂ ಅವರ ಅಕ್ಕನೂ, ಮದುವೆಯಾಗದ ಇಬ್ಬರು, ಇದೇ ಮನೆಯಲ್ಲಿ ಬಾಳಿದವರು. ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗುವ ತಂಗಿಯ ತಲೆಯ ಬಳಿ ಕುಳಿತು ಅಕ್ಕ ಬೀಸಣಿಗೆ ಬೀಸುತ್ತಿದ್ದಳಂತೆ. ಸಾಕು ಅಕ್ಕಾ, ಕೈ ನೋಯುತ್ತೆ ಎಂದರೂ ಬಿಡುತ್ತಿರಲಿಲ್ಲ. ಅಕ್ಕ ತೀರಿಕೊಂಡ ಮೇಲೆ ಮನೆ ಬಿಕೋ ಎಂದಿತು. ಆದರೆ ಈಚೆಗೆ, ನಿದ್ದೆಯ ಅಂಚಿನಲ್ಲಿ, ಹಣೆಯ ಮೇಲೆ ಅದೇ ಗಾಳಿ. ಕಣ್ಣು ತೆರೆದರೆ ನಿಂತುಬಿಡುತ್ತದೆಂದು ಅವರು ಕಣ್ಣು ತೆರೆಯುತ್ತಲೇ ಇರಲಿಲ್ಲ.

ಒಂದು ಮಾತು ಹೇಳಿದರೆ ಸಾಕಿತ್ತು. ದುಡ್ಡು ಬರುತ್ತದೆ, ಚಿಲಕ ಉಳಿಯುತ್ತದೆ, ಅಣ್ಣನ ಮುಂದೆ ನಿಲ್ಲುವುದು ತಪ್ಪುತ್ತದೆ. ಅಕ್ಕನೂ ಬೀಸಣಿಗೆ ಹಿಡಿದು ಹಾಗೆಯೇ ಕುಳಿತಿರುತ್ತಾಳೆ. ಹರಿದದ್ದು ಕಾಣದಂತೆ ಮಾಡುವುದೇ ತಾನೇ ಅವಳ ಕಸುಬು? ಆದರೆ ಕೊಳೆ ಇರುವ ತೂತಿಗೆ ಅವಳು ಯಾವತ್ತೂ ಸೂಜಿ ಹಾಕಿದವಳಲ್ಲ. ಆ ಗಾಳಿ ಬಾವಲಿಯ ರೆಕ್ಕೆಯದಾಗಿದ್ದರೆ? ಮಲಗಿದವರಿಗೆ ಕಚ್ಚಿದ್ದು ಗೊತ್ತೇ ಆಗುವುದಿಲ್ಲ ಎಂದಿದ್ದರು ಡಾಕ್ಟರು.

"ನಿಮ್ಮ ದುಡ್ಡು ಹಾಗಿರಲಿ ಅಮ್ಮಾ. ನಾಳೆ ನನ್ನ ಜೊತೆ ಬನ್ನಿ, ನೀವೂ ಚುಚ್ಚಿಸಿಕೊಳ್ಳಬೇಕು."

"ಅಂದ್ರೆ ಅಕ್ಕ ಬರ್ಲೇ ಇಲ್ಲ ಅಂತೀಯಾ?"

"ಅದು ನನಗೆ ಗೊತ್ತಿಲ್ಲ. ಬಾವಲಿ ಬಂದಿತ್ತು, ಅದಷ್ಟೇ ಗೊತ್ತು."

ಟೆಲಿಫೋನಮ್ಮ ಕುರ್ಚಿ ಎತ್ತಿಕೊಂಡು ಒಳಗೆ ಹೋದರು. ಅವರ ಕೋಣೆಯ ದೀಪ ತುಂಬ ಹೊತ್ತು ಉರಿಯಿತು. ಕೆಟ್ಟೆ ಎಂದುಕೊಂಡಳು ಅವಳು. ಬೆಳಿಗ್ಗೆ ಪೆಟ್ಟಿಗೆಯನ್ನು ಮಂಚದ ಕೆಳಗಿನಿಂದ ಎಳೆದು, ಧೂಳು ಒರೆಸಿ, ಮತ್ತೆ ಒಳಗೆ ತಳ್ಳಿದಳು. ಹೊರಗೆ ಬಂದರೆ ಟೆಲಿಫೋನಮ್ಮ ಚೀಲ ಹಿಡಿದು ಗೇಟಿನ ಬಳಿ ನಿಂತಿದ್ದರು. ಬಡಗಿಗೆ ಹೇಳಿಕಳಿಸಿದ್ದೇನೆ, ಬಾವಲಿಗಳೆಲ್ಲ ಹೊರಗೆ ಹೋದ ಮೇಲೆ ಬಿರುಕು ಮುಚ್ಚಬೇಕು, ಒಂದೂ ಒಳಗೆ ಸಿಕ್ಕಿಕೊಳ್ಳಬಾರದು ಎಂದರು.

ಆಸ್ಪತ್ರೆಯಲ್ಲಿ ಹಣ ಕಟ್ಟಿಸಿಕೊಳ್ಳುವವನು ಯಾರದು ಯಾರು ಕೊಡ್ತೀರಿ ಎಂದು ಕೇಳಿದಾಗ ಟೆಲಿಫೋನಮ್ಮ ಅವಳನ್ನು ಮೊಣಕೈಯಿಂದ ಹಿಂದೆ ಸರಿಸಿದರು. "ಇಬ್ಬರದೂ ನಾನೇ. ಮನೆ ನಂದು."

ಇಂಜೆಕ್ಷನ್ ಆದ ಮೇಲೆ ಸ್ವಲ್ಪ ಹೊತ್ತು ಕುಳಿತೇ ಹೋಗಬೇಕೆಂದರು ನರ್ಸು. ಬೆಂಚಿನ ಮೇಲೆ ಬಿಸಿಲು ಬಿದ್ದಿತ್ತು. ರಾತ್ರಿಯೆಲ್ಲ ನಿದ್ದೆಗೆಟ್ಟಿದ್ದ ಟೆಲಿಫೋನಮ್ಮ ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ಹಣೆಯ ಮೇಲೆ ಬೆವರು ಮೂಡಿತು. ಅವಳು ಕೈಯಲ್ಲಿದ್ದ ಆಸ್ಪತ್ರೆಯ ಚೀಟಿಯನ್ನು ಮಡಿಸಿ, ಸುಮ್ಮನೆ, ಯೋಚಿಸದೆ, ಬೀಸತೊಡಗಿದಳು.

"ಸಾಕು," ಎಂದರು ಟೆಲಿಫೋನಮ್ಮ, ಕಣ್ಣು ತೆರೆಯದೆ. "ಕೈ ನೋಯುತ್ತೆ."

ನೋಯುತ್ತಲೇ ಇತ್ತು, ಚುಚ್ಚಿದ ಕಡೆ. ಅವಳು ಚೀಟಿಯನ್ನು ಇನ್ನೊಂದು ಕೈಗೆ ದಾಟಿಸಿಕೊಂಡಳು.