ಏಳನೇ ಹಂತದಲ್ಲಿ ಸಂಗೀತವಿಲ್ಲ

ಸುಜನ್ ಎರಡನೇ ಗೋಳಿಬಜೆಯನ್ನು ಚಟ್ನಿಗೆ ಅದ್ದುತ್ತಿದ್ದಾಗ ಪೂಜಾಶ್ರೀಗೆ ಮೊದಲ ಸಂಶಯ ಹುಟ್ಟಿತು.

ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ನಡೆದಿತ್ತು. ಪೆರ್ಲದಿಂದ ಐದು ಜನ ಜೀಪಿನಲ್ಲಿ ಬಂದು ಪುತ್ತಿಗೆಯ ಅವಳ ಮನೆಯ ಚಾವಡಿಯಲ್ಲಿ ಕುಳಿತಿದ್ದರು. ಎರಡು ಮನೆಯವರ ಬರಿ, ಅಂದರೆ ಗೋತ್ರ, ಬೇರೆ ಬೇರೆ, ಜಾತಕ ಕೂಡಿದೆ. ಹುಡುಗ ದೋಹಾದಲ್ಲಿ ದೊಡ್ಡ ಕಟ್ಟಡಗಳ ಎ.ಸಿ. ನೋಡಿಕೊಳ್ಳುವ ಎಂಜಿನಿಯರ್. ರಜೆ ಮುಗಿಯಲು ಇನ್ನು ಒಂಬತ್ತು ದಿನ. ಬರುವ ಭಾನುವಾರದೊಳಗೆ ಹೌದೋ ಅಲ್ಲವೋ ತಿಳಿಸಬೇಕು. ಈ ಸಂಬಂಧ ತಂದವರು ಹರಿನಾಥ ಮಾವ, ಪೂಜಾಶ್ರೀಯ ತಾಯಿ ರಾಜೀವಿಗೆ ದೊಡ್ಡಮ್ಮನ ಮಗ. "ನಮ್ಮೆದುರು ಕೂತರೆ ನೀವಿಬ್ಬರು ಎಂತ ಮಾತಾಡ್ಲಿಕ್ಕುಂಟು? ಅಂಗಳಕ್ಕೆ ಹೋಗಿ" ಎಂದು ತಟ್ಟೆ ಸಮೇತ ಇಬ್ಬರನ್ನೂ ಹೊರಗೆ ಕಳಿಸಿದ್ದರು.

"ಶಾಲೆ ಬಿಟ್ಟ ಮೇಲೆ ಎಂತ ಮಾಡ್ತೀರಿ?" ಸುಜನ್ ಕೇಳಿದ್ದ.

ಅವಳು ಹೈಯರ್ ಸೆಕೆಂಡರಿ ಶಾಲೆಯೊಂದರಲ್ಲಿ ಭೌತಶಾಸ್ತ್ರದ ದಿನವೇತನದ ಅಧ್ಯಾಪಿಕೆ. ಈ ಪ್ರಶ್ನೆಗೆ ಅವಳಲ್ಲಿ ಒಂದೇ ಉತ್ತರವಿತ್ತು, ಅದನ್ನು ಬೇಕೆಂದೇ ಹೇಳುತ್ತಿದ್ದಳು. "ಕಂಪ್ಯೂಟರ್ ಆಟಗಳ ಸಂಗೀತ ಕೇಳ್ತೇನೆ. ಯಾವ ಹಂತಕ್ಕೆ ಎಂಥ ಸಂಗೀತ ಅಂತ ಬರೆದಿಡ್ತೇನೆ." ಹಿಂದೆ ನೋಡಲು ಬಂದಿದ್ದ ಉಪ್ಪಳದ ಹುಡುಗ ಇದನ್ನು ಕೇಳಿ, "ಕಾರ್ ರೇಸಿನದ್ದಾ?" ಎಂದು ನಕ್ಕಿದ್ದ. ಸುಜನ್ ನಗಲಿಲ್ಲ.

"ಹಾಗಾದ್ರೆ ಲ್ಯಾಂಟರ್ನ್ ಕೋಸ್ಟ್ ಆಡಿದ್ದೀರಾ?"

ಅವಳ ಕೈಯಲ್ಲಿದ್ದ ಚಾದ ಲೋಟ ಅಲ್ಲೇ ನಿಂತಿತು. ಹನ್ನೊಂದು ವರ್ಷದಿಂದ ಆ ಆಟದ ಹೆಸರನ್ನು ಇನ್ನೊಬ್ಬರ ಬಾಯಲ್ಲಿ ಅವಳು ಕೇಳಿರಲಿಲ್ಲ. ಕಂದೀಲು ಹಿಡಿದ ಹುಡುಗಿಯೊಬ್ಬಳು ಕಡಲ ದಂಡೆಯ ಊರುಗಳನ್ನು ದಾಟುತ್ತಾ ಹೋಗುವ ಹನ್ನೊಂದು ಹಂತಗಳ ಆಟ ಅದು. ಮಾಡಿದ ಕಂಪೆನಿ ಎರಡೇ ವರ್ಷದಲ್ಲಿ ಮುಚ್ಚಿಹೋಗಿತ್ತು.

"ಮೂರನೇ ಹಂತದ ಸಂತೆಯ ಸಂಗೀತ ನೆನಪುಂಟಾ?" ಅವಳು ಕೇಳಿದಳು.

"ಮಾರ್ಕೆಟ್ ಬೈ ದ ಸೀ. ಅಕಾರ್ಡಿಯನ್ ಸ್ವಲ್ಪ ಜಾಸ್ತಿಯಾಯ್ತು ನನ್ನ ಪ್ರಕಾರ. ಐದನೇದು, ನೂನ್ ಸಾಲ್ಟ್, ಉಪ್ಪಿನ ಗದ್ದೆಯದ್ದು, ಅದು ಒಳ್ಳೇದು. ಎರಡೇ ಸ್ವರ, ಆದ್ರೆ ಬಿಸಿಲು ಕಾಣ್ತದೆ. ಎಲ್ಲಕ್ಕಿಂತ ನನಗೆ ಇಷ್ಟ ಏಳನೇದು. ದೋಣಿಯಲ್ಲಿ ಹೋಗುವಾಗ ಬರುವ ಆ ಕೊಳಲು." ಹೀಗೆಂದು ಅವನು ಗೋಳಿಬಜೆಯನ್ನು ಚಟ್ನಿಗೆ ಅದ್ದಿದ.

ಪೂಜಾಶ್ರೀ ಲೋಟ ಕೆಳಗಿಟ್ಟಳು. ಏಳನೇ ಹಂತದಲ್ಲಿ ಕೊಳಲಿಲ್ಲ. ಕೊಳಲು ಮಾತ್ರವಲ್ಲ, ಸಂಗೀತವೇ ಇಲ್ಲ. ಮಂಜು ಮುಚ್ಚಿದ ನೀರಿನ ಮೇಲೆ ದೋಣಿ, ಹುಟ್ಟಿನ ಸಪ್ಪಳ, ದೂರದಲ್ಲಿ ಒಂದು ಹಕ್ಕಿ, ಅಷ್ಟೇ. ಆ ಆಟವನ್ನು ಅವಳು ನಲವತ್ತಕ್ಕೂ ಹೆಚ್ಚು ಸಲ ಮುಗಿಸಿದ್ದಳು. ಆರು ಹಂತಗಳ ಗದ್ದಲದ ನಂತರ ಸಂಗೀತಗಾರ ಕೈ ಕಟ್ಟಿ ಕುಳಿತ ಆ ಹಂತವೇ ಅವಳ ಮಟ್ಟಿಗೆ ಇಡೀ ಆಟದ ಜೀವ. ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದಾಗ ಕಾಲೇಜಿನ ವಾರ್ಷಿಕ ಸಂಚಿಕೆಗೆ ಅದರ ಬಗ್ಗೆಯೇ ಲೇಖನ ಬರೆದಿದ್ದಳು. "ಬರೆಯದೆ ಬಿಡುವುದಕ್ಕೂ ಧೈರ್ಯ ಬೇಕು" ಎಂಬುದು ಅದರ ಕೊನೆಯ ವಾಕ್ಯ.

ಜೀಪು ಹೋದ ಮೇಲೆ ಅವಳು ನೇರವಾಗಿ ಹರಿನಾಥ ಮಾವನ ಹತ್ತಿರ ಬಂದಳು.

"ಮಾವ, ನೀವು ಅವರಿಗೆ ನನ್ನ ಬಗ್ಗೆ ಎಂತೆಲ್ಲ ಹೇಳಿದ್ದೀರಿ?"

"ನಾನು ಎಂತ ಹೇಳುದು? ಬಯೋಡಾಟ, ಫೋಟೋ ಕೊಟ್ಟದ್ದು. ನಿನ್ನಮ್ಮ ಕೊಟ್ಟ ಕಾಲೇಜಿನ ಪುಸ್ತಕ ಕೊಟ್ಟದ್ದು."

"ಅಮ್ಮ!"

"ಯಾಕೆ, ಕೊಡಬಾರದಾ?" ರಾಜೀವಿ ಅಡುಗೆಮನೆಯಿಂದಲೇ ಹೇಳಿದರು. "ನಿನ್ನ ಹೆಸರು ಅಚ್ಚಾಗಿದ್ದು ಅದರಲ್ಲೊಂದೇ."

ಅವಳು ಕೋಣೆಗೆ ಹೋಗಿ ನೋಟ್‌ಪುಸ್ತಕ ತೆಗೆದಳು. ಗೊತ್ತಿಲ್ಲದ ದ್ರಾವಣವನ್ನು ಪತ್ತೆ ಮಾಡುವಂತೆ, ಗೊತ್ತಿರುವ ಸಂಗತಿಗಳನ್ನು ಒಂದೊಂದಾಗಿ ಬರೆದಳು. ಲೇಖನವನ್ನು ಓದಿದ್ದರೆ ಏಳನೇ ಹಂತದಲ್ಲಿ ಮೌನವಿದೆಯೆಂದು ಅವನಿಗೆ ತಿಳಿಯುತ್ತಿತ್ತು, ಕೊಳಲಿನ ಮಾತೆತ್ತುತ್ತಿರಲಿಲ್ಲ. ಹಾಗಾಗಿ ಓದಿಲ್ಲ; ಆಟದ ಹೆಸರನ್ನಷ್ಟೇ ಹೆಕ್ಕಿಕೊಂಡಿದ್ದಾನೆ. ಇನ್ನೊಂದು, ಆಟ ಆಡುವಾಗ ಪರದೆಯ ಮೇಲೆ ಸಂಗೀತದ ಹೆಸರು ಎಲ್ಲಿಯೂ ಬರುವುದಿಲ್ಲ. ಮಾರ್ಕೆಟ್ ಬೈ ದ ಸೀ, ನೂನ್ ಸಾಲ್ಟ್ ಎಂಬ ಹೆಸರುಗಳು ಇವನಿಗೆ ಎಲ್ಲಿಂದ ಸಿಕ್ಕಿದವು?

ಯೂಟ್ಯೂಬಿನಲ್ಲಿ ಹುಡುಕಿದಾಗ ಅವಳ ಸಂಶಯಕ್ಕೆ ಬಲ ಬಂತು. ನಾಲ್ಕು ತಿಂಗಳ ಹಿಂದೆ ಯಾರೋ ಆ ಆಟದ ಸಂಗೀತವನ್ನೆಲ್ಲ ಅಲ್ಲಿ ಹಾಕಿದ್ದರು. ಹನ್ನೊಂದೂ ಇದ್ದವು, ಹೆಸರುಗಳ ಸಮೇತ. ಏಳನೆಯದರಲ್ಲಿ ಕೊಳಲಿತ್ತು. ಸಂಗೀತಗಾರ ಬರೆದಿರಬಹುದು, ಆಟ ಮಾಡಿದವರು ಬೇಡವೆಂದು ಬಿಟ್ಟಿರಬಹುದು. ಹಾಗೆ ಆಗುವುದುಂಟು. ಅಂದರೆ ಇವನು ಆಟ ಆಡಿಲ್ಲ, ಇಲ್ಲಿ ಕೇಳಿ ಬಂದಿದ್ದಾನೆ. ಹೆಣ್ಣು ನೋಡಲು ಬರುವಾಗ ಹೆಣ್ಣಿನ ಹುಚ್ಚನ್ನು ಬಾಯಿಪಾಠ ಮಾಡಿಕೊಂಡು ಬಂದವನು.

"ಇಷ್ಟು ಸಣ್ಣ ವಿಷಯಕ್ಕೆ ಯಾರಾದ್ರೂ ಸಂಬಂಧ ಬಿಡ್ತಾರಾ?" ರಾಜೀವಿ ಕೇಳಿದರು. "ನಿನಗೆ ಖುಷಿಯಾಗ್ಲಿ ಅಂತ ಎರಡು ಮಾತು ಸೇರಿಸಿ ಹೇಳಿದ್ರೆ ತಪ್ಪೆಂತ?"

"ಸಣ್ಣದಕ್ಕೇ ಸೇರಿಸುವವರು ದೊಡ್ಡದಕ್ಕೆ ಸೇರಿಸದೆ ಬಿಡ್ತಾರಾ ಅಮ್ಮ? ನಾಳೆ ದೋಹಾದಿಂದ ಫೋನ್ ಮಾಡಿ ಎಲ್ಲ ಸರಿ ಉಂಟು ಅಂದ್ರೆ ನಾನು ಯಾವುದನ್ನು ನಂಬುದು?"

ಹಾಗೆಂದರೂ, ಸಂಶಯಪಟ್ಟ ಮಾತ್ರಕ್ಕೆ ತೀರ್ಪು ಕೊಡುವುದೂ ಸರಿಯಲ್ಲ ಎಂದು ಪೂಜಾಶ್ರೀಗೆ ಅನಿಸಿತು. ಮಾವನಿಂದ ಸುಜನ್‌ನ ನಂಬರ್ ತೆಗೆದುಕೊಂಡಳು. ಬುಧವಾರ ಸಂಜೆ ವಾಟ್ಸ್‌ಆ್ಯಪ್‌ನಲ್ಲಿ ಮೂರು ಪ್ರಶ್ನೆ ಕಳಿಸಿದಳು. ಸಂಗೀತವನ್ನು ಬರಿದೇ ಕೇಳಿದವರಿಗೆ ಯಾವ ಕಾರಣಕ್ಕೂ ಗೊತ್ತಿರಲಾರದ, ಆಡಿದವರಿಗಷ್ಟೇ ಗೊತ್ತಿರುವ ಪ್ರಶ್ನೆಗಳು. ಸಂತೆಯಲ್ಲಿ ಹುಡುಗಿ ನಡೆಯುವುದನ್ನು ನಿಲ್ಲಿಸಿದರೆ ಸಂಗೀತ ಏನಾಗುತ್ತದೆ? ಉಪ್ಪಿನ ಗದ್ದೆಯ ಸಂಗೀತ ಮುಗಿದು ಮತ್ತೆ ಮೊದಲಾಗುವಲ್ಲಿನ ಹೊಲಿಗೆ ಕಿವಿಗೆ ಗೊತ್ತಾಗುತ್ತದೆಯೋ ಇಲ್ಲವೋ? ದೋಣಿ ಬಂಡೆಗೆ ಬಡಿದಾಗ ಏನು ಕೇಳಿಸುತ್ತದೆ?

ಹತ್ತು ನಿಮಿಷದಲ್ಲಿ ಉತ್ತರ ಬಂತು.

"೧. ಅಕಾರ್ಡಿಯನ್ ನಿಲ್ತದೆ, ಚರ್ಮವಾದ್ಯ ಮಾತ್ರ ಇರ್ತದೆ. ೨. ಗೊತ್ತಾಗ್ತದೆ. ಕೊನೆಯ ಸ್ವರದ ಬಾಲ ತುಂಡಾಗಿದೆ. ಅಷ್ಟು ಚಂದದ್ದಕ್ಕೆ ಅದೊಂದು ಕಪ್ಪುಚುಕ್ಕೆ. ೩. ಕೊಳಲು ಅರ್ಧದಲ್ಲಿ ಕಡಿದುಹೋಗಿ ಮತ್ತೆ ಮೊದಲಿಂದ ಶುರು. ಇದೆಂತ ಪಿ.ಎಸ್.ಸಿ. ಪರೀಕ್ಷೆಯಾ?"

ಮೊದಲ ಎರಡು ಸರಿ. ಎರಡನೆಯದಂತೂ ಅವಳು ತನ್ನ ನೋಟ್‌ಪುಸ್ತಕದಲ್ಲಿ ಬರೆದದ್ದೇ. ಮೂರನೆಯದು ಮತ್ತೆ ಅದೇ ಕೊಳಲು. ಅರ್ಧ ಪುಸ್ತಕ ಓದಿ, ಉಳಿದದ್ದನ್ನು ಪಕ್ಕದವನ ಕಾಗದ ನೋಡಿ ಬರೆದ ಮಕ್ಕಳ ಉತ್ತರಪತ್ರಿಕೆ ಹೀಗೆಯೇ ಇರುತ್ತದೆ. ಆರು ಹಂತ ಆಡಿ ಬಿಟ್ಟವನೇ? ಹಾಗಿದ್ದರೆ ಅಷ್ಟೇ ಆಡಿದ್ದು ಎನ್ನಬಹುದಿತ್ತಲ್ಲ?

ಅವಳಿಗೆ ಸಾಕ್ಷಿ ಬೇಕಾಯಿತು. ಏಳನೇ ಹಂತವನ್ನು ಆಡುತ್ತಾ ಮೊಬೈಲಿನಲ್ಲಿ ಚಿತ್ರೀಕರಿಸಿ, ಮಾತಿಲ್ಲದೆ ಅವನಿಗೆ ಕಳಿಸಿಬಿಡುವುದು. ಅವನು ಏನು ಹೇಳುತ್ತಾನೋ ಅದರ ಮೇಲೆ ಭಾನುವಾರದ ಉತ್ತರ. ಹಳೆಯ ಸಿಡಿ ಕಪಾಟಿನಲ್ಲಿತ್ತು. ಆದರೆ ಅದನ್ನು ಓದುವ ಯಂತ್ರ ಮನೆಯಲ್ಲಿರಲಿಲ್ಲ. ಶನಿವಾರ ಮಧ್ಯಾಹ್ನ ಊಟ ಮುಗಿಸಿ, ಬಸ್ಸು ಹಿಡಿದು ಬಂದ್ಯೋಡಿಗೆ ಹೋದಳು.

ಅಲ್ಲಿ ಹೆದ್ದಾರಿಯ ಬದಿಗೆ ಲತೀಶನ ಮೊಬೈಲ್ ರಿಪೇರಿ ಅಂಗಡಿ. ಪುತ್ತಿಗೆಯಲ್ಲಿ ಅವರ ನೆರೆಮನೆಯವನು, ಅವಳಿಗಿಂತ ಎಂಟು ವರ್ಷ ದೊಡ್ಡವನು. ಮೊಬೈಲ್ ರಿಪೇರಿ ಶುರುವಾಗುವ ಮೊದಲು ಅದೇ ಜಾಗದಲ್ಲಿ ಕಂಪ್ಯೂಟರ್ ಅಂಗಡಿಯಿದ್ದಾಗ ಅವನು ಅಲ್ಲಿ ಕೆಲಸಕ್ಕಿದ್ದ.

"ಎಂತ ಪೂಜಾ, ಮದುವೆಗೆ ಕರೀಲಿಕ್ಕೆ ಬಂದದ್ದಾ?"

"ಅದು ಈ ಸಿಡಿ ಎಂತ ಹೇಳ್ತದೆ ಅದರ ಮೇಲೆ ಉಂಟು ಲತೀಶಣ್ಣ. ಇದನ್ನೊಮ್ಮೆ ಹಾಕಿ ಕೊಡಿ."

ಲತೀಶ ಸಿಡಿಯನ್ನು ಬೆಳಕಿಗೆ ಹಿಡಿದು ನಗತೊಡಗಿದ. "ಅಯ್ಯೋ ಮಾರಾಯ್ತಿ, ಇದು ನನ್ನದೇ ಅಕ್ಷರ! ತ್ರೀ ಇನ್ ಒನ್. ಇದನ್ನು ಇನ್ನೂ ಇಟ್ಟುಕೊಂಡಿದ್ದೀಯಾ?"

"ತ್ರೀ ಇನ್ ಒನ್ ಅಂದ್ರೆ ಮೂರು ಆಟ ಒಟ್ಟಿಗೆ ಅಂತಲ್ವಾ?"

"ಮತ್ತೆ? ಒಂದೊಂದು ಆಟಕ್ಕೆ ಒಂದು ಸಿಡಿ ಬೇಕು. ಒಂದರಲ್ಲೇ ಮೂರು ಹಿಡಿಸಿದ್ರೆ ಮಾತ್ರ ನಮ್ಮ ಮಕ್ಕಳು ತಗೊಳ್ತಿದ್ದದ್ದು. ಹಿಡಿಸ್ಲಿಕ್ಕೆ ಎಂತ ಮಾಡುದು? ದೊಡ್ಡ ಫೈಲ್ ಯಾವುದು ನೋಡುದು, ತೆಗೆಯುದು. ಹೆಚ್ಚಾಗಿ ಸಿನೆಮಾದ ಹಾಗೆ ಬರ್ತದಲ್ಲ ನಡುನಡುವೆ, ಅದು. ಇಲ್ಲದಿದ್ರೆ ಸಂಗೀತ."

ಪೂಜಾಶ್ರೀ ಮೇಜಿನತ್ತ ಬಾಗಿದಳು. "ಸಂಗೀತ ತೆಗೆದ್ರೆ ಆಟ ನಿಲ್ಲುದಿಲ್ವಾ?"

"ನಿಲ್ತದೆ. ಅದಕ್ಕೇ ಹೆಸರು ಹಾಗೇ ಇಟ್ಟು, ಒಳಗೆ ಎಂತದೂ ಇಲ್ಲದ ಖಾಲಿ ಫೈಲ್ ಹಾಕುದು. ಆಟ ಅದನ್ನೇ ಸಂಗೀತ ಅಂತ ನುಡಿಸ್ತದೆ." ಅವನು ಮೂಲೆಯ ಹಳೆಯ ಕಂಪ್ಯೂಟರಿಗೆ ಸಿಡಿ ಹಾಕಿ, ಪಟ್ಟಿ ತೆರೆದು, ಪರದೆಯನ್ನು ಅವಳತ್ತ ತಿರುಗಿಸಿದ. ಒಂದರಿಂದ ಹನ್ನೊಂದರವರೆಗಿನ ಸಂಗೀತದ ಫೈಲುಗಳು. ಎಲ್ಲದರ ಮುಂದೆಯೂ ಗಾತ್ರದ ಅಂಕಿ. ಏಳರ ಮುಂದೆ ಸೊನ್ನೆ.

"ದೋಣಿಯದ್ದು ಎಲ್ಲಕ್ಕಿಂತ ಉದ್ದ ಇತ್ತು. ಅದನ್ನು ತೆಗೆದ ಮೇಲೆಯೇ ಕ್ರಿಕೆಟ್ ಆಟ ಹಿಡಿದದ್ದು" ಎಂದ ಲತೀಶ.

"ನೀವು ಯಾಕೆ ನಮಗೆ ಹೇಳ್ಲಿಲ್ಲ?"

"ಯಾರು ಕೇಳಿದ್ರು? ಇಷ್ಟು ವರ್ಷಕ್ಕೆ ಕೇಳಿದ್ದು ನೀನೊಬ್ಬಳೇ."

ಅವಳು ಸ್ಟೂಲಿನ ಮೇಲೆ ಕುಳಿತಳು. ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು. ಯಾವ ಮೌನಕ್ಕೆ ಅವಳು ಎರಡೂವರೆ ಪುಟ ಬರೆದಿದ್ದಳೋ, ಯಾವ ಧೈರ್ಯವನ್ನು ಕೊಂಡಾಡಿದ್ದಳೋ, ಅದನ್ನು ಮಾಡಿದವನು ಈಗ ಎದುರಿಗೆ ಕುಳಿತು ಯಾರದೋ ಮೊಬೈಲಿನ ಚಾರ್ಜಿನ ತೂತಿನಿಂದ ಧೂಳು ತೆಗೆಯುತ್ತಿದ್ದ. ನಲವತ್ತು ಸಲ ನೋಡಿದ್ದೇನೆ ಎಂಬುದು ಅವಳ ದೊಡ್ಡ ಪುರಾವೆಯಾಗಿತ್ತು. ದೋಷವಿರುವ ಒಂದೇ ತಕ್ಕಡಿಯಲ್ಲಿ ನಲವತ್ತು ಸಲ ತೂಗಿದರೂ ಬರುವುದು ಅದೇ ತಪ್ಪು ತೂಕ ಎಂದು ಪ್ಲಸ್ ಟು ಮಕ್ಕಳಿಗೆ ಪ್ರತಿವರ್ಷ ಹೇಳಿಕೊಡುವವಳೂ ಅವಳೇ.

ಹಿಂದಿರುಗುವ ಬಸ್ಸಿನಲ್ಲಿ, ಸುಜನ್ ಸುಳ್ಳು ಹೇಳಿಲ್ಲ ಎಂದು ಒಪ್ಪಿಕೊಂಡಳು. ಆದರೂ ಮನಸ್ಸು ಹಗುರಾಗಲಿಲ್ಲ. ಕೊಳಲು ನಿಜ, ಸರಿ. ಆದರೆ ಮಾತು ತೊಡಗಿದ ಐದು ನಿಮಿಷದಲ್ಲಿ, ಲೋಕದಲ್ಲಿರುವ ಸಾವಿರಾರು ಆಟಗಳ ನಡುವೆ, ಅದೇ ಹೆಸರು ಅವನ ಬಾಯಿಗೆ ಬಂದದ್ದು ಹೇಗೆ? ಅದಕ್ಕೆ ಸಿಡಿಯಲ್ಲಿ ಉತ್ತರವಿರಲಿಲ್ಲ.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಅವಳೇ ಫೋನ್ ಮಾಡಿದಳು.

"ನಿಮಗೆ ನನ್ನ ಲೇಖನ ಸಿಕ್ಕಿತ್ತಾ?"

"ಸಿಕ್ಕಿತ್ತು. ಓದಿದ್ದೇನೆ. ಎರಡು ಸಲ."

"ಓದಿಯೂ ಕೊಳಲಿನ ಮಾತು ತೆಗೆದ್ರಾ?"

"ಅದಕ್ಕೇ ತೆಗೆದದ್ದು. ಸತ್ಯ ಹೇಳ್ತೇನೆ, ಬೇಜಾರು ಮಾಡ್ಬೇಡಿ. ಬಹ್ರೈನಿನಲ್ಲಿದ್ದ ನನ್ನ ಮಾವ ಆ ಆಟದ ಪೆಟ್ಟಿಗೆ ತಂದುಕೊಟ್ಟಿದ್ರು. ಒಳಗೆ ಸಂಗೀತದ ಹೆಸರೆಲ್ಲ ಇರುವ ಸಣ್ಣ ಪುಸ್ತಕ ಇತ್ತು. ಆ ಏಳನೇ ಸಂಗೀತ ನನಗೆ ಬಾಯಿಪಾಠ. ನಿಮ್ಮ ಲೇಖನದಲ್ಲಿ ಅಲ್ಲಿ ಸಂಗೀತವೇ ಇಲ್ಲ ಅಂತ ಓದಿ ನನಗೆ ಡೌಟ್ ಬಂತು. ಈ ಹುಡುಗಿ ಆಟ ಆಡಿಯೇ ಇಲ್ಲ, ಎಲ್ಲಿಂದಲೋ ಕದ್ದು ಬರೆದಿದ್ದಾಳೆ ಅಂತ. ಕೊಳಲು ಅಂದ ಕೂಡ್ಲೇ ನಿಮ್ಮ ಮುಖ ಬಿಳುಚಿತು. ಸಿಕ್ಕಿಬಿದ್ಲು ಅಂತ ಎಣಿಸಿದೆ."

ಪೂಜಾಶ್ರೀಗೆ ಸಿಟ್ಟು ಬಂತು. ಮೂರು ಪ್ರಶ್ನೆ ಕಳಿಸಿದ್ದು ತಾನೇ ಎಂಬುದು ನೆನಪಾದಾಗ ಸಿಟ್ಟು ಅರ್ಧಕ್ಕಿಳಿಯಿತು. ತ್ರೀ ಇನ್ ಒನ್ ಸಿಡಿಯ ಕತೆಯನ್ನು ಒಂದೂ ಬಿಡದೆ ಹೇಳಿದಳು. ಅವನು ನಗುತ್ತಾನೆ ಎಂದುಕೊಂಡಿದ್ದಳು. ನಗಲಿಲ್ಲ.

"ಛೆ. ಅಂದ್ರೆ ಹನ್ನೊಂದು ವರ್ಷ ನೀವು ಅದನ್ನು ಕೇಳಿಯೇ ಇಲ್ವಾ?"

"ಈ ವಾರ ಯೂಟ್ಯೂಬಿನಲ್ಲಿ ಕೇಳಿದೆ. ನಿನ್ನೆ ಸಂಜೆ ಮತ್ತೆ ಆರು ಸಲ ಕೇಳಿದೆ."

"ಹೇಗುಂಟು?"

ಸುಜನ್ ಎಂಥವನೆಂದು ತಿಳಿಯಲು ಅವಳಿಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಇನ್ನೊಂದು ಸಿಗಲಾರದು ಎನಿಸಿತು. ತನಗೆ ಅನಿಸಿದ್ದನ್ನು ಹೇಳುವುದು, ಅವನು ಎತ್ತ ಬಾಗುತ್ತಾನೆ ನೋಡುವುದು.

"ನನಗೆ ಅದಿಲ್ಲದೆ ಇದ್ದದ್ದೇ ಒಳ್ಳೇದು ಅನಿಸ್ತು. ಕೊಳಲು ಬಂದ ಕೂಡಲೇ ಇಲ್ಲಿ ದುಃಖಪಡಿ ಅಂತ ಹೇಳಿದ ಹಾಗೆ ಆಗ್ತದೆ. ಲತೀಶಣ್ಣ ಗೊತ್ತಿಲ್ಲದೆ ಮಾಡಿದ್ದಾದ್ರೂ ಸರಿಯಾದ್ದನ್ನೇ ಮಾಡಿದ್ದಾರೆ. ನಿಮಗೂ ಹಾಗೆ ಅನಿಸುದಿಲ್ವಾ?"

"ಇಲ್ಲ."

"ಒಂಚೂರೂ?"

"ಇಲ್ಲ ಅಂದೆನಲ್ಲ. ನಿಮ್ಮ ಬರವಣಿಗೆ ಚಂದ ಉಂಟು, ಅಭಿಪ್ರಾಯ ತಪ್ಪು. ಅದು ದುಃಖದ ಕೊಳಲೇ ಅಲ್ಲ. ಮಂಜಿನಲ್ಲಿ ದಡ ಎಲ್ಲಿದೆ ಗೊತ್ತಾಗುದಿಲ್ಲ, ಆ ಹುಡುಗಿ ಹೆದರಿಕೆ ಹೋಗ್ಲಿಕ್ಕೆ ತಾನೇ ಶಿಳ್ಳೆ ಹಾಕಿದ ಹಾಗೆ ಅದು. ನೀವು ಮೌನ ಕೇಳಿ ಅಭ್ಯಾಸ ಮಾಡಿ, ಈಗ ಅದಕ್ಕೆ ಕಾರಣ ಹುಡುಕ್ತಿದ್ದೀರಿ."

"ನೀವು ಕೊಳಲು ಕೇಳಿ ಅಭ್ಯಾಸ ಮಾಡಿ ಕಾರಣ ಹುಡುಕುದಲ್ವಾ?"

"ಇರಬಹುದು. ಆದ್ರೂ ನಿಮ್ಮದು ತಪ್ಪು."

ಮಾತು ಬೆಳೆಯಿತು. ಒಂಬತ್ತನೇ ಹಂತದ ದೀಪಸ್ತಂಭದ ಸಂಗೀತಕ್ಕೆ ಬಂತು, ಅಲ್ಲಿಯೂ ಇಬ್ಬರಿಗೂ ಹೊಂದಲಿಲ್ಲ. ಪೂಜಾಶ್ರೀಯ ದನಿ ಏರಿತು. "ನಿಮಗೆ ಕಿವಿ ಉಂಟಾ?" ಎಂದು ಒಮ್ಮೆ ಗದರಿಯೂ ಬಿಟ್ಟಳು. ಆ ಕಡೆಯಿಂದ, "ಉಂಟು, ಎರಡು. ನಿಮ್ಮದನ್ನು ಬಂದ್ಯೋಡಿನವರು ಕೆಡಿಸಿದ್ದು" ಎಂದು ಉತ್ತರ ಬಂತು. ಅವಳನ್ನು ಮೆಚ್ಚಿಸಲು ಸೇರಿಸಿದ ಒಂದು ಮಾತನ್ನೂ ಅವನು ಆಡಲಿಲ್ಲ. ನಲವತ್ತು ನಿಮಿಷದಲ್ಲಿ ಆಡಬಹುದಾದ ಅವಕಾಶ ಹತ್ತಾದರೂ ಇತ್ತು. ಅವಳು ಗಮನವಿಟ್ಟು ಕಾದಿದ್ದಳು.

ಫೋನ್ ಇಟ್ಟು ತಿರುಗಿದರೆ ರಾಜೀವಿ ಬಾಗಿಲಲ್ಲಿ ನಿಂತಿದ್ದರು. ಮುಖ ಬಾಡಿತ್ತು. ಜಗಳ ಅಡುಗೆಮನೆಯವರೆಗೂ ಕೇಳಿಸಿತ್ತು.

"ಹರಿನಾಥ ಎರಡು ಸಲ ಫೋನ್ ಮಾಡಿದ. ಪೆರ್ಲದವರು ಕಾಯ್ತಿದ್ದಾರಂತೆ. ಬೇಡ ಅಂತ ಹೇಳ್ಲಿಕ್ಕೆ ಹೇಳ್ಲಾ?"

"ಬೇಡ ಅಂತ ಯಾರು ಹೇಳಿದ್ದು?" ಪೂಜಾಶ್ರೀ ಕೇಳಿದಳು. "ಆಗಬಹುದು ಅಂತ ಹೇಳಿ."

"ಹಾಗಾದ್ರೆ ಇಷ್ಟು ಹೊತ್ತು ಬೊಬ್ಬೆ ಹೊಡೆದದ್ದು ಯಾಕೆ?"

"ಅವರು ಹೇಳುದು ತಪ್ಪು ಅಮ್ಮ. ಅದಕ್ಕೆ."

ರಾಜೀವಿ ಮಗಳ ಮುಖವನ್ನೇ ಒಂದು ಗಳಿಗೆ ಸಂಶಯದಿಂದ ನೋಡಿದರು. ಮತ್ತೆ, ಮನಸ್ಸು ಬದಲಾಗುವ ಮೊದಲೇ ವಿಷಯ ಮುಟ್ಟಿಸಬೇಕೆಂಬಂತೆ ಹರಿನಾಥನ ನಂಬರ್ ಒತ್ತುತ್ತಾ ಚಾವಡಿಗೆ ನಡೆದರು.